ಉದ್ಯಾನದ ಕೆರೆಗಳಿಗೆ ಮೂವತ್ತು ವರ್ಷದ ಯೋಜನೆ: ಮೊದಲು ನೀರಿನ ಜಮಾಖರ್ಚು

ನಗರದ ಉದ್ಯಾನವೊಂದಕ್ಕೆ ದೀರ್ಘಾವಧಿ ಯೋಜನೆ ಮಾಡಲು ಕುಳಿತಾಗ ಎಲ್ಲರೂ ಮೊದಲು ಬಿಡಿಸುವುದು ನಡಿಗೆ ದಾರಿ, ಆಟದ ಜಾಗ, ಕಾರಂಜಿ. ಉದ್ಯಾನದೊಳಗೆ ಕೆರೆಗಳಿದ್ದರೆ ಈ ಕ್ರಮ ಸರಿಯಲ್ಲ. ಕೆರೆಗೆ ಎಷ್ಟು ನೀರು ಬರುತ್ತದೆ, ಆ ನೀರಿನ ಜೊತೆ ಏನೇನು ಬರುತ್ತದೆ, ವರ್ಷಕ್ಕೆ ಎಷ್ಟು ಹೂಳು ಕೂರುತ್ತದೆ ಎಂಬ ಲೆಕ್ಕ ಮುಗಿಯುವ ತನಕ ದಡದಲ್ಲಿ ಒಂದು ಬೆಂಚಿಗೂ ಜಾಗ ಗುರುತಿಸಬಾರದು. ಇಲ್ಲದಿದ್ದರೆ ಹೂಳೆತ್ತುವ ಯಂತ್ರ ಇಳಿಯಬೇಕಾದ ಕಡೆಯೇ ಕಲ್ಲುಹಾಸು, ಗ್ರಿಲ್ಲು, ದೀಪದ ಕಂಬ ನಿಂತುಬಿಡುತ್ತವೆ. ಹತ್ತು ವರ್ಷದ ಮೇಲೆ ಅವನ್ನು ಒಡೆದೇ ಕೆಲಸ ಶುರುಮಾಡಬೇಕು.

ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. 4 ಹೆಕ್ಟೇರಿನ ಕೆರೆ, ಸರಾಸರಿ ಆಳ 1.5 ಮೀಟರ್. ಹಿಡಿಸುವ ನೀರು 60,000 ಘನ ಮೀಟರ್, ಅಂದರೆ 6 ಕೋಟಿ ಲೀಟರ್. ಅದಕ್ಕೆ ನೀರು ಹರಿದು ಬರುವ ಪ್ರದೇಶ 80 ಹೆಕ್ಟೇರ್, ವಾರ್ಷಿಕ ಮಳೆ 700 ಮಿ.ಮೀ., ಬಿದ್ದ ಮಳೆಯಲ್ಲಿ ಶೇ. 40ರಷ್ಟು ಹರಿದು ಬರುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 2,24,000 ಘನ ಮೀಟರ್. ಕೆರೆ ಸುಮಾರು ಮೂರೂಮುಕ್ಕಾಲು ಸಲ ತುಂಬುವಷ್ಟು. ಇದನ್ನು ನೋಡಿ ನೀರಿಗೇನೂ ಬರವಿಲ್ಲ ಎಂದುಕೊಳ್ಳುವುದು ಸುಲಭ. ಆದರೆ ಮಳೆ ವರ್ಷವಿಡೀ ಸಮನಾಗಿ ಬೀಳುವುದಿಲ್ಲ. ಒಣ ದಿನಗಳಲ್ಲಿ ದಿನಕ್ಕೆ 5 ಮಿ.ಮೀ. ಆವಿಯಾಗಿ, 2 ಮಿ.ಮೀ. ಇಂಗಿದರೆ 150 ದಿನಕ್ಕೆ 105 ಸೆಂ.ಮೀ. ಇಳಿಯುತ್ತದೆ. ಒಂದೂವರೆ ಮೀಟರ್ ನೀರಿದ್ದ ಜಾಗದಲ್ಲಿ ಆಗ ಉಳಿಯುವುದು 45 ಸೆಂ.ಮೀ. ಹೀಗಾಗಿ ವಾರ್ಷಿಕ ಮೊತ್ತ ಸಾಲದು, ತಿಂಗಳು ತಿಂಗಳಿನ ಜಮಾಖರ್ಚೇ ಬೇಕು.

ಜೋರು ಮಳೆಯ ಲೆಕ್ಕ ಬೇರೆ. ನೆಲ ಆಗಲೇ ನೆನೆದಿರುವಾಗ 80 ಮಿ.ಮೀ. ಮಳೆ ಸುರಿದು ಶೇ. 60ರಷ್ಟು ಹರಿದು ಬಂದರೆ 38,400 ಘನ ಮೀಟರ್. ಕೋಡಿ ಕಸದಿಂದ ಮುಚ್ಚಿಹೋಗಿದ್ದರೆ ಇದೇ ಕೆರೆಯ ಮಟ್ಟ 96 ಸೆಂ.ಮೀ. ಏರುತ್ತದೆ. ಕೋಡಿಯ ಅಗಲ, ಏರಿಯ ಎತ್ತರ ಎರಡನ್ನೂ ಇಂಥ ಮಳೆಗೇ ನಿಗದಿ ಮಾಡಬೇಕು. "100 ವರ್ಷಕ್ಕೊಮ್ಮೆ ಬರುವ ಮಳೆ" ಎಂದರೆ ಇನ್ನು ನೂರು ವರ್ಷ ನಿಶ್ಚಿಂತೆ ಎಂದು ಅರ್ಥವಲ್ಲ. ಅದು ಪ್ರತಿ ವರ್ಷ ಬರುವ ಸಾಧ್ಯತೆ ಶೇ. 1, 30 ವರ್ಷದ ಯೋಜನೆಯ ಅವಧಿಯಲ್ಲಿ ಒಮ್ಮೆಯಾದರೂ ಬರುವ ಸಾಧ್ಯತೆ ಶೇ. 26. ಕಸ ತಡೆಯಲೆಂದು ಕೋಡಿಗೇ ಸಣ್ಣ ಕಣ್ಣಿನ ಜಾಲರಿ ಕಟ್ಟುವುದನ್ನು ಯೋಜನೆಯಲ್ಲೇ ನಿಷೇಧಿಸಿಬಿಡಿ. ಕಸವನ್ನು ಒಳಹರಿವಿನ ಬಾಯಲ್ಲೇ ಹಿಡಿಯಬೇಕು.

ಇನ್ನು ಹೂಳು. ಅದನ್ನು ಅಳೆಯುವುದು ಕಷ್ಟವೇನಲ್ಲ. ದೋಣಿಯಲ್ಲಿ 10 ಮೀಟರಿಗೊಂದು ಬಿಂದುವಿನಂತೆ ಸಾಲು ಹಿಡಿದು ಹೋಗಿ, ಪ್ರತಿ ಬಿಂದುವಿನಲ್ಲಿ ಎರಡು ಅಳತೆ ತೆಗೆದುಕೊಳ್ಳಬೇಕು: ತಟ್ಟೆ ಕಟ್ಟಿದ ಕೋಲು ಕೆಸರಿನ ಮೇಲೆ ನಿಲ್ಲುವ ಆಳ, ಬರಿಯ ಕೋಲನ್ನು ಒತ್ತಿದಾಗ ಗಟ್ಟಿ ನೆಲ ಸಿಗುವ ಆಳ. ಇವೆರಡರ ವ್ಯತ್ಯಾಸವೇ ಹೂಳಿನ ದಪ್ಪ. ನಮ್ಮ ಉದಾಹರಣೆಯ ಕೆರೆಯಲ್ಲಿ ವರ್ಷಕ್ಕೆ 1 ಸೆಂ.ಮೀ. ಕೂತರೆ 400 ಘನ ಮೀಟರ್, 10 ಘನ ಮೀಟರಿನ ಲಾರಿಗೆ 40 ಲೋಡು. ನಲವತ್ತು ವರ್ಷ ಮುಟ್ಟದೆ ಬಿಟ್ಟರೆ ಕೆರೆಯ ಕಾಲು ಭಾಗಕ್ಕಿಂತ ಹೆಚ್ಚು ಹೂಳಿಗೆ ಹೋಗುತ್ತದೆ.

ಇದಕ್ಕೆ ಮದ್ದು ಸಿಲ್ಟ್ ಟ್ರ್ಯಾಪ್ ಎಂದು ಕರೆಯುವ ಹೂಳುಗುಂಡಿ. ನೀರು ಕೆರೆಗೆ ಬೀಳುವ ಮುನ್ನ ನಿಧಾನವಾಗಿ ಮರಳು, ಜಲ್ಲಿ, ಎಲೆ ಎಲ್ಲವನ್ನೂ ಬಿಟ್ಟು ಬರುವ ಜಾಗ ಅದು. ಅಳತೆಗೆ ರೂಢಿಯಲ್ಲಿರುವ ಒಂದು ಸೂತ್ರವೆಂದರೆ, ಜಲಾನಯನದಲ್ಲಿ ನೀರು ಇಂಗದ ನೆಲ, ಅಂದರೆ ತಾರಸಿ ಮತ್ತು ರಸ್ತೆ, ಎಷ್ಟಿದೆಯೋ ಅದರ ಮೇಲೆ 2.5 ಮಿ.ಮೀ. ನೀರು ಹಿಡಿಸುವಷ್ಟಾದರೂ ಗುಂಡಿ ಇರಬೇಕು. 32 ಹೆಕ್ಟೇರ್ ಅಂಥ ನೆಲವಿದ್ದರೆ 800 ಘನ ಮೀಟರ್. ವರ್ಷದ 400 ಘನ ಮೀಟರ್ ಹೂಳಿನಲ್ಲಿ ಅರ್ಧ ಇಲ್ಲಿ ನಿಂತರೂ ಎರಡೇ ವರ್ಷಕ್ಕೆ ಗುಂಡಿ ಅರ್ಧ ತುಂಬುತ್ತದೆ. ಅರ್ಧ ತುಂಬಿದಾಗಲೇ ಎತ್ತಬೇಕು. ತಡವಾದರೆ ಮುಂದಿನ ಜೋರು ಮಳೆ ಹಳೆಯ ಹೂಳನ್ನೂ ಕದಡಿ ಕೆರೆಗೆ ತಳ್ಳುತ್ತದೆ. ತಳಕ್ಕೆ ಕಾಂಕ್ರೀಟು, ಯಂತ್ರ ಇಳಿಯಲು ಇಳಿಜಾರು, ಲಾರಿ ತಿರುಗಲು ಜಾಗ, ಅಳತೆ ಗುರುತಿಸಿದ ಒಂದು ಕಂಬ, ಇಷ್ಟಿಲ್ಲದ ಹೂಳುಗುಂಡಿ ಎರಡನೇ ಸಲಕ್ಕೆ ಸ್ವಚ್ಛವಾಗುವುದಿಲ್ಲ. ಆದರೆ ಸಣ್ಣ ಜೇಡಿಮಣ್ಣಿನ ಕಣ ಇಲ್ಲಿ ನಿಲ್ಲದೆ ಕೆರೆಗೇ ಹೋಗುತ್ತದೆ. ಇಡೀ ಕೆರೆಯ ಹೂಳೆತ್ತುವ ದಿನವನ್ನು ಈ ಗುಂಡಿ ಮುಂದೂಡುತ್ತದೆಯೇ ಹೊರತು ತಪ್ಪಿಸುವುದಿಲ್ಲ.

ಹೂಳೆತ್ತುವಾಗ ಹೆಚ್ಚು ನಷ್ಟವಾಗುವುದು ತಳ ಬಗೆದಾಗ. ಕಟ್ಟಿದ ಕೆರೆಗಳ ತಳದಲ್ಲಿ ಅನೇಕ ಕಡೆ ತುಳಿದು ಗಟ್ಟಿ ಮಾಡಿದ ಜೇಡಿಮಣ್ಣಿನ ಪದರ ಇರುತ್ತದೆ. ನೀರು ನಿಲ್ಲುವುದು ಅದರಿಂದಲೇ. "ಇನ್ನೊಂದು ಮೀಟರ್ ಆಳ ಮಾಡಿದರೆ ಹೆಚ್ಚು ನೀರು" ಎಂದು ಅದನ್ನೂ ಅಗೆದರೆ ಮುಂದಿನ ಬೇಸಿಗೆಗೆ ಕೆರೆ ಬತ್ತುತ್ತದೆ. ಕೊಳವೆ ಇಳಿಸಿ ಮಣ್ಣಿನ ಮಾದರಿ ತೆಗೆದು ಆ ಪದರದ ಮಟ್ಟವನ್ನು ಮೊದಲೇ ನಕ್ಷೆಯಲ್ಲಿ ಬರೆದು, ಗುತ್ತಿಗೆಯಲ್ಲಿ ಅಗೆಯುವ ಆಳವನ್ನು ಮಟ್ಟದ ಲೆಕ್ಕದಲ್ಲಿ ಕೊಡಬೇಕು. ಘನ ಮೀಟರಿನ ಲೆಕ್ಕದಲ್ಲಷ್ಟೇ ಕೊಟ್ಟರೆ ಸುಲಭವಾಗಿ ಸಿಗುವ ಕಡೆಯೇ ಆಳ ತೋಡುತ್ತಾರೆ. ಎತ್ತಿದ ಹೂಳಿನಲ್ಲಿ ಸೀಸ, ಸತು, ಕ್ಯಾಡ್ಮಿಯಂ, ಎಣ್ಣೆಯ ಅಂಶ ಎಷ್ಟಿದೆ ಎಂದು ಟೆಂಡರಿಗೆ ಮುಂಚೆಯೇ ಪರೀಕ್ಷೆಯಾಗಬೇಕು. ಅದನ್ನು ಎಲ್ಲಿ ಹಾಕಬಹುದು ಎಂಬುದು ಆ ವರದಿಯ ಮೇಲೆ ನಿಂತಿದೆ, ಖರ್ಚಿನ ದೊಡ್ಡ ಪಾಲೂ ಅಲ್ಲೇ ಇದೆ.

ಕೆರೆಗಳು ಸಾಲಾಗಿದ್ದರೆ ಮೇಲಿನದರಿಂದ ಶುರು. ಕೆಳಗಿನ ಕೆರೆ ಮೊದಲು ಚೊಕ್ಕಟವಾದರೆ ಮೇಲಿನದನ್ನು ಕದಡಿದಾಗ ಬರುವ ಕೆಸರೆಲ್ಲ ಅದರ ಪಾಲು. ಯಾವ ವರ್ಷವೂ ಎಲ್ಲವನ್ನೂ ಒಟ್ಟಿಗೆ ಬರಿದು ಮಾಡಬಾರದು. ಒಂದರಲ್ಲಾದರೂ ನೀರಿದ್ದರೆ ಹಕ್ಕಿ, ಕಪ್ಪೆ, ಮೀನು ಅಲ್ಲಿ ಬದುಕುಳಿದು ಮಿಕ್ಕ ಕೆರೆಗಳಿಗೆ ಮರಳುತ್ತವೆ.

ನೀರು ಹಸಿರಾಗಿ ನಾರುವುದಕ್ಕೆ ಮೂಲ ಬಹುತೇಕ ರಂಜಕ, ಅಂದರೆ ಫಾಸ್ಫರಸ್. ಆಳವಿಲ್ಲದ ಕೆರೆಯಲ್ಲಿ ಅದು ಲೀಟರಿಗೆ 0.1 ಮಿ.ಗ್ರಾಂ. ದಾಟಿದರೆ ತಿಳಿನೀರನ್ನು ಉಳಿಸಿಕೊಳ್ಳುವುದು ಬಹಳ ಕಷ್ಟ. ರಂಜಕ ಮೂಲವಸ್ತು. ಯಾವ ಪುಡಿ, ಯಾವ ಸೂಕ್ಷ್ಮಜೀವಿಯೂ ಅದನ್ನು ಇಲ್ಲವಾಗಿಸಲಾರದು. ಕೋಡಿಯಲ್ಲಿ ಹರಿದು ಹೋಗಬೇಕು, ಹೂಳಿನ ಜೊತೆ ಎತ್ತಬೇಕು, ಇಲ್ಲವೇ ಕಳೆಯ ಜೊತೆ ಕಿತ್ತು ಸಾಗಿಸಬೇಕು. ಅಂತರಗಂಗೆ ಕಿತ್ತು ದಡದಲ್ಲೇ ರಾಶಿ ಹಾಕಿದರೆ ಕೊಳೆತ ರಸವೆಲ್ಲ ಮರಳಿ ಕೆರೆಗೆ ಇಳಿದು ಶ್ರಮ ವ್ಯರ್ಥವಾಗುತ್ತದೆ.

ಹಾಗಾಗಿ ಮೊದಲ ತಪಾಸಣೆ ಒಳಹರಿವಿನದು. ಮೂರು ದಿನ ಮಳೆಯಿಲ್ಲದಿದ್ದರೂ ಮಳೆನೀರಿನ ಕಾಲುವೆಯಲ್ಲಿ ಹರಿವಿದ್ದರೆ ಒಳಚರಂಡಿ ಎಲ್ಲೋ ತಪ್ಪಾಗಿ ಸೇರಿದೆ ಎಂದು ಶಂಕಿಸಬೇಕು. ನೀರಿನ ಮಾದರಿ ತೆಗೆದು ಅಮೋನಿಯಾ, ಮಾರ್ಜಕ, ಮಲದ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ ಇವೆಯೇ ಎಂದು ನೋಡಿ, ಮ್ಯಾನ್‌ಹೋಲಿನಿಂದ ಮ್ಯಾನ್‌ಹೋಲಿಗೆ ಮೇಲಕ್ಕೆ ಹೋಗುತ್ತ ಜಾಗ ಪತ್ತೆ ಮಾಡಬೇಕು.

ಒಳಹರಿವು ಶುದ್ಧವಾದ ಮಾತ್ರಕ್ಕೆ ಕೆರೆ ತಿಳಿಯಾಗುತ್ತದೆಯೇ? ಅದು ಆಳದ ಮೇಲಿದೆ. ಅಮೆರಿಕದ ಸಿಯಾಟಲ್ ಬಳಿಯ ಲೇಕ್ ವಾಷಿಂಗ್ಟನ್‌ಗೆ ಸೇರುತ್ತಿದ್ದ ಕೊಳಚೆಯನ್ನು 1963ರಿಂದ 1968ರ ನಡುವೆ ಬೇರೆಡೆಗೆ ತಿರುಗಿಸಿದ ಮೇಲೆ ಕೆಲವೇ ವರ್ಷಗಳಲ್ಲಿ ನೀರು ತಿಳಿಯಾಯಿತು. ಅದರ ಸರಾಸರಿ ಆಳ ಸುಮಾರು 33 ಮೀಟರ್. ಸ್ವೀಡನ್ನಿನ ವೆಕ್ಷೋ ನಗರದ ಟ್ರುಮೆನ್ ಕೆರೆಯ ಆಳ ಒಂದು ಮೀಟರಿನಷ್ಟು. ಅಲ್ಲಿ 1950ರ ದಶಕದ ಕೊನೆಗೇ ಕೊಳಚೆ ನಿಂತರೂ ಹತ್ತು ವರ್ಷ ಕೆರೆ ಚೇತರಿಸಲಿಲ್ಲ. ತಳದ ಕೆಸರೇ ರಂಜಕವನ್ನು ನೀರಿಗೆ ಬಿಡುತ್ತಿತ್ತು. 1970–71ರಲ್ಲಿ ಮೇಲಿನ ಕೆಸರನ್ನು ಹೀರಿ ತೆಗೆದ ಮೇಲೆಯೇ ನೀರು ಸುಧಾರಿಸಿತು. ಉದ್ಯಾನದ ಕೆರೆಗಳು ಬಹುತೇಕ ಈ ಎರಡನೆಯ ಜಾತಿಯವು. ಒಳಹರಿವು, ತಳ ಎರಡಕ್ಕೂ ಯೋಜನೆಯಲ್ಲಿ ಹಣ ಇರಬೇಕು, ಅದೂ ಇದೇ ಕ್ರಮದಲ್ಲಿ. ಕೊಳಚೆ ನಿಲ್ಲಿಸದೆ ಹೂಳೆತ್ತಿದರೆ ಹೊಸ ಕೆಸರು ಮತ್ತೆ ಅದೇ ಕೆಲಸ ಮಾಡುತ್ತದೆ.

ಬೇಸಿಗೆಯ ಕೊರತೆ ತುಂಬಲು ಸಂಸ್ಕರಿಸಿದ ಕೊಳಚೆ ನೀರು ಬಿಡುವ ಆಲೋಚನೆ ಈಗ ಎಲ್ಲ ಯೋಜನೆಗಳಲ್ಲೂ ಬರುತ್ತದೆ. ಬೇಡ ಎನ್ನುವುದಿಲ್ಲ, ಆದರೆ ಲೆಕ್ಕ ನೋಡಿ. ಆವಿಯಾದಷ್ಟನ್ನೇ, ಅಂದರೆ ದಿನಕ್ಕೆ 200 ಘನ ಮೀಟರ್, 150 ದಿನ ಬಿಟ್ಟರೆ 30,000 ಘನ ಮೀಟರ್. ಅದರಲ್ಲಿ ಲೀಟರಿಗೆ 1 ಮಿ.ಗ್ರಾಂ. ರಂಜಕವಿದ್ದರೆ ಒಟ್ಟು 30 ಕೆ.ಜಿ. ಅಷ್ಟೂ ತುಂಬಿದ ಕೆರೆಯ ನೀರಿನಲ್ಲೇ ಉಳಿದರೆ ಲೀಟರಿಗೆ 0.5 ಮಿ.ಗ್ರಾಂ., ಮೇಲೆ ಹೇಳಿದ ಮಿತಿಯ ಐದು ಪಟ್ಟು. ನೀರು ಆವಿಯಾಗುತ್ತದೆ, ರಂಜಕ ಆಗುವುದಿಲ್ಲ. ಸಂಸ್ಕರಣಾ ಘಟಕದಲ್ಲಿ ರಂಜಕ ತೆಗೆಯುವ ಹಂತ ಇಲ್ಲದಿದ್ದರೆ ಆ ನೀರನ್ನು ಹುಲ್ಲುಹಾಸಿಗೆ ಬಳಸಿ, ಕೆರೆಗೆ ಬಿಡಬೇಡಿ.

ಕಾರಂಜಿಯಿಂದ ಕೆರೆಗೆ ಉಸಿರು ಬರುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಅದು ಸುತ್ತಲಿನ ಮೇಲ್ನೀರನ್ನು ಚಿಮ್ಮಿಸುತ್ತದೆ. ಆಮ್ಲಜನಕ ತೀರುವುದು ತಳದಲ್ಲಿ. ಗಾಳಿಯನ್ನು ತಳದಲ್ಲಿ ಸಣ್ಣ ಗುಳ್ಳೆಯಾಗಿ ಬಿಡುವ ಡಿಫ್ಯೂಸರ್ ಹೆಚ್ಚು ಪ್ರಯೋಜನಕಾರಿ, ಮತ್ತು ಅದು ರಾತ್ರಿ ಓಡಬೇಕು. ಪಾಚಿ ಹಗಲಲ್ಲಿ ಆಮ್ಲಜನಕ ಬಿಟ್ಟು ರಾತ್ರಿ ಬಳಸುವುದರಿಂದ ಸೂರ್ಯೋದಯಕ್ಕೆ ಮುಂಚೆ ಮಟ್ಟ ಅತಿ ಕಡಿಮೆ ಇರುತ್ತದೆ. ಮಧ್ಯಾಹ್ನ ಅಳೆದ ಅಂಕಿ ನಂಬಿ ಕೂತರೆ ಮೀನು ಸಾಯುವ ಮುನ್ಸೂಚನೆ ಸಿಗುವುದೇ ಇಲ್ಲ. ಬೇಸಿಗೆಯ ನಂತರದ ಮೊದಲ ಜೋರು ಮಳೆ ಬೀದಿಯ ಕೊಳೆಯನ್ನೆಲ್ಲ ತೊಳೆದು ತರುವಾಗ ವಿಶೇಷ ಎಚ್ಚರ ಬೇಕು.

ದಡ ಸಾಧ್ಯವಾದಷ್ಟು 1:5 (ಐದು ಮೀಟರ್ ಅಡ್ಡಕ್ಕೆ ಒಂದು ಮೀಟರ್ ಇಳಿತ) ಅಥವಾ ಇನ್ನೂ ಸೌಮ್ಯ ಇಳಿಜಾರಿನಲ್ಲಿರಲಿ. ಲಂಬ ಗೋಡೆಗೆ ಬಡಿದ ಅಲೆ ಬುಡದ ಮಣ್ಣನ್ನೇ ಕೆತ್ತುತ್ತದೆ, ನೀರಿಗೆ ಬಿದ್ದ ಮಗು ಹತ್ತಿ ಬರಲಾಗುವುದಿಲ್ಲ. 40 ಸೆಂ.ಮೀ. ಆಳದವರೆಗೆ ಜೊಂಡು ನೆಟ್ಟು, ಬೇರು ಹಿಡಿಯುವ ತನಕ ಹಕ್ಕಿಗಳಿಂದ ಬಲೆಯ ರಕ್ಷಣೆ ಕೊಡಬೇಕು. ಏರಿಯ ಮೇಲೆ ಮಾತ್ರ ಮರ ಬೇಡ: ಸತ್ತ ಬೇರು ಕೊಳೆತ ಜಾಗ ನೀರಿಗೆ ಸುರಂಗವಾಗುತ್ತದೆ. ಅಲ್ಲಿ ಗಿಡ್ಡ ಹುಲ್ಲಿದ್ದರೆ ಒಸರು ಕಣ್ಣಿಗೆ ಬೀಳುತ್ತದೆ. ಉದ್ಯಾನದ ಉಳಿದ ಮರಗಳಿಗೆ 1990ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಫ್ರ್ಯಾಂಕ್ ಸ್ಯಾಂಟಮೂರ್ ಸೂಚಿಸಿದ ಅಳತೆ ಇಂದಿಗೂ ಉಪಯುಕ್ತ: ಒಂದೇ ಪ್ರಭೇದ ಶೇ. 10, ಒಂದೇ ಕುಲ ಶೇ. 20, ಒಂದೇ ಕುಟುಂಬ ಶೇ. 30 ಮೀರದಿರಲಿ. ಒಂದೇ ವರ್ಷ ನೆಟ್ಟ ಸಾಲುಮರಗಳು ಒಂದೇ ದಶಕದಲ್ಲಿ ಮುಪ್ಪಾಗುತ್ತವೆ; ವರ್ಷಕ್ಕೆ ಶೇ. 1ರಿಂದ 2ರಷ್ಟು ಹೊಸ ಗಿಡ ಸೇರುತ್ತಿದ್ದರೆ ನೆರಳು ತಪ್ಪುವುದಿಲ್ಲ.

ಹಣದ ಪಟ್ಟಿಯಲ್ಲಿ ಕಟ್ಟುವ ಖರ್ಚಿನ ಪಕ್ಕದಲ್ಲೇ ಬದಲಾಯಿಸುವ ವರ್ಷವನ್ನೂ ಬರೆಯಿರಿ: ಪಂಪು, ಡಿಫ್ಯೂಸರ್, ಮರದ ಸೇತುವೆ, ಡಾಂಬರು ದಾರಿ ಎಲ್ಲಕ್ಕೂ. ಹೂಳೆತ್ತುವುದು 15ನೇ ವರ್ಷ ಎಂದಿದ್ದರೆ ಅಂದಾಜಿನ ಹದಿನೈದನೇ ಒಂದು ಪಾಲು, ಬೆಲೆಯೇರಿಕೆ ಸೇರಿಸಿ, ಪ್ರತಿ ವರ್ಷ ಪ್ರತ್ಯೇಕ ಖಾತೆಗೆ ಹೋಗಬೇಕು. ಕೆಲಸ ಶುರುವಾಗುವ ಸಂದರ್ಭವನ್ನೂ ಅಂಕಿಯಲ್ಲೇ ಬರೆಯಬೇಕು. ಹೂಳುಗುಂಡಿ ಅರ್ಧ ತುಂಬಿದರೆ ಎತ್ತುವುದು. ಬೆಳಗಿನ ಜಾವದ ಆಮ್ಲಜನಕ ಲೀಟರಿಗೆ 4 ಮಿ.ಗ್ರಾಂ.ಗಿಂತ ಇಳಿದರೆ ಡಿಫ್ಯೂಸರ್ ನಿಲ್ಲಿಸದೆ ಓಡಿಸುವುದು. ನೀರಿನ ತಿಳಿತನ ಅಳೆಯಲು ಇಳಿಸುವ 20 ಸೆಂ.ಮೀ. ಅಗಲದ ಸೆಕ್ಕಿ ತಟ್ಟೆ ಎರಡು ಬೇಸಿಗೆ ಸತತವಾಗಿ ಅರ್ಧ ಮೀಟರಿನೊಳಗೇ ಕಾಣದಾದರೆ ಒಳಹರಿವಿನ ತಪಾಸಣೆ ಮತ್ತೆ ನಡೆಸುವುದು. ಪ್ರತಿಯೊಂದರ ಎದುರು ಹೊಣೆ ಹೊತ್ತ ಹುದ್ದೆಯ ಹೆಸರಿರಲಿ. ತೂಬಿನ ಕವಾಟವನ್ನು ವರ್ಷಕ್ಕೆರಡು ಸಲ ಪೂರ್ತಿ ತೆರೆದು ಮುಚ್ಚುವುದು ಯಾರ ಕೆಲಸ ಎಂಬುದೂ ಅಲ್ಲೇ ಇರಬೇಕು, ಇಲ್ಲದಿದ್ದರೆ ಬೇಕಾದ ದಿನ ಅದು ತುಕ್ಕು ಹಿಡಿದು ನಿಂತಿರುತ್ತದೆ.

ಮೊದಲ ವರ್ಷ ಕಟ್ಟುವ ಕೆಲಸವೇನೂ ಬೇಡ. ಕದಲದ ಕಲ್ಲೊಂದಕ್ಕೆ ಮಟ್ಟದ ಗುರುತು ಹಾಕಿ, ನೀರಿನ ಮಟ್ಟವನ್ನು ದಿನವೂ, ರಂಜಕ ಮತ್ತು ಆಮ್ಲಜನಕವನ್ನು ತಿಂಗಳಿಗೊಮ್ಮೆ ಬರೆದಿಡಿ. ಹೂಳಿನ ಅಳತೆಯನ್ನು ಅದೇ ಗುರುತಿನಿಂದ, ಅದೇ ಸಾಲುಗಳಲ್ಲಿ ಐದು ವರ್ಷಕ್ಕೊಮ್ಮೆ ಮಾಡಿಸಿ. ಸಾಲು ಬದಲಾದರೆ ಎರಡು ಅಳತೆಗಳನ್ನು ಹೋಲಿಸಲು ಬರುವುದಿಲ್ಲ.