ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸೊಂಟ ಹೋಗುತ್ತಾ?

ಪ್ರಶ್ನೆ: ಮುಂದಿನ ತಿಂಗಳು ಯಾದಗಿರಿಯಲ್ಲಿ ತಂಗಿಗೆ ಸಿಜೇರಿಯನ್. ಬೆನ್ನಿನ ಇಂಜೆಕ್ಷನ್‌ನಿಂದ ಜನ್ಮಪೂರ್ತಿ ಸೊಂಟನೋವು, ಕಾಲೂ ಹೋಗಬಹುದು ಅಂತ ಮನೆಯಲ್ಲಿ ಹೆದರಿಸುತ್ತಿದ್ದಾರೆ. ನಿಜವಾ?

ಉತ್ತರ: ನಮ್ಮ ಕಡೆ ಇಪ್ಪತ್ತು ವರ್ಷದ ಹಿಂದೆ ಹೆತ್ತವರೂ ಇವತ್ತಿನ ಸೊಂಟನೋವಿಗೆ ಆ ಇಂಜೆಕ್ಷನ್ನನ್ನೇ ಬೈಯುತ್ತಾರೆ. ಚುಚ್ಚಿದ ಜಾಗ ಕೆಲವು ದಿನ ನೋಯುತ್ತದೆ, ಅಷ್ಟೇ. ವರ್ಷಗಟ್ಟಲೆ ಕಾಡುವ ನೋವಿಗೆ ಅದು ಕಾರಣವಲ್ಲ. ಬಸುರಿನಲ್ಲಿ ಸಡಿಲಾದ ಕೀಲು, ಬಗ್ಗಿ ಕೂತು ಹಾಲು ಕುಡಿಸುವುದು, ಇವನ್ನು ಯಾರೂ ಬೈಯುವುದಿಲ್ಲ.

ಕಾಲಿನ ಭಯವೂ ಅಷ್ಟೇ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ, ಸೂಜಿ ಅದಕ್ಕಿಂತ ಕೆಳಗೆ ಹೋಗುತ್ತದೆ. ಹೆರಿಗೆಗೆ ಎಪಿಡ್ಯೂರಲ್ (ನೋವು ತಗ್ಗಿಸಲು ಬೆನ್ನಿಗೇ ಕೊಡುವ ಇನ್ನೊಂದು ಬಗೆಯ ಇಂಜೆಕ್ಷನ್) ಪಡೆದ 13 ಲಕ್ಷಕ್ಕೂ ಹೆಚ್ಚು ಹೆಂಗಸರ ಲೆಕ್ಕ 2006ರಲ್ಲಿ ಬಂತು. ವರ್ಷ ಕಳೆದರೂ ಹೋಗದ ನರದ ತೊಂದರೆ ಕಂಡದ್ದು ಸುಮಾರು 2,40,000ಕ್ಕೆ ಒಬ್ಬರಲ್ಲಿ.

ನೀವು ಕೇಳಬೇಕಿದ್ದದ್ದು ತಲೆನೋವಿನ ಬಗ್ಗೆ. ಎರಡನೇ ದಿನ ಬಾಣಂತಿ ಹೊರಸಿನ ಮೇಲೆ ಎದ್ದು ಕೂರುತ್ತಾಳೆ, ಹಣೆ, ಕತ್ತು ಸಿಡಿಯುತ್ತದೆ. ಮಲಗಿದರೆ ಇಳಿಯುತ್ತದೆ. "ಥಂಡಿ ಹತ್ತ್ಯಾದ" ಅಂತ ಅಜ್ಜಿ ಕಿವಿಗೆ ಅರಳೆ ತುರುಕಿ, ಸ್ಕಾರ್ಫ್ ಇನ್ನೊಂದು ಸುತ್ತು ಬಿಗಿಯುತ್ತಾಳೆ. ಅದು ಥಂಡಿಯಲ್ಲ. ಬೆನ್ನುಹುರಿಯ ಸುತ್ತಲಿನ ಪೊರೆಗೆ ಬಿದ್ದ ತೂತಿನಿಂದ ನೀರು ಸೋರಿದೆ. 1898ರಲ್ಲಿ ಈ ಇಂಜೆಕ್ಷನ್ನನ್ನು ತನ್ನ ಮೇಲೇ ಪ್ರಯೋಗಿಸಿಕೊಂಡ ಜರ್ಮನಿಯ ಡಾಕ್ಟರ್ ಆಗಸ್ಟ್ ಬೀರ್ ಕೂಡ ಇದೇ ತಲೆನೋವಿಗೆ ದಿನಗಟ್ಟಲೆ ಮಲಗಿದ್ದ! ಸಿಜೇರಿಯನ್‌ಗೆ ಸಾಮಾನ್ಯವಾಗಿ ಕೊಡುವುದು ಸ್ಪೈನಲ್ ಇಂಜೆಕ್ಷನ್, ಅದರ ಈಗಿನ ಸಣ್ಣ ಸೂಜಿಗೆ ಇದು ಅಪರೂಪ. ಎಪಿಡ್ಯೂರಲ್‌ನ ದಪ್ಪ ಸೂಜಿ ಅಕಸ್ಮಾತ್ ಪೊರೆ ದಾಟಿದರೆ ಅರ್ಧಕ್ಕಿಂತ ಜಾಸ್ತಿ ಜನರಿಗೆ ಬರುತ್ತದೆ. ಹೆಚ್ಚಿನವರಿಗೆ ಮಾತ್ರೆಯಲ್ಲೇ ಇಳಿಯುತ್ತದೆ. ಇಳಿಯದಿದ್ದರೆ ಅವಳದೇ ಕೈಯಿಂದ 20 ಎಂ.ಎಲ್.ನಷ್ಟು ರಕ್ತ ತೆಗೆದು, ಬೆನ್ನಿನ ಅದೇ ಜಾಗದ ಹತ್ತಿರ ಬಿಡುತ್ತಾರೆ. ಟ್ಯೂಬಿಗೆ ಪಂಕ್ಚರ್ ಹಾಕಿದ ಹಾಗೆ.

ಆದರೆ ಮಲಗಿದರೂ ತಲೆನೋವು ಇಳಿಯದಿದ್ದರೆ ಬೇರೆ ಮಾತು. ಕಣ್ಣು ಮಂಜಾದರೆ, ಫಿಟ್ಸ್ ಬಂದರೆ, ಕೈಕಾಲು ಸೋತರೆ ಕಾಯಬೇಡಿ. ಬಿ.ಪಿ. ಏರಿರಬಹುದು, ಮೆದುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಬಾಣಂತಿಗೆ ನೀರು ಕಡಿಮೆ ಕೊಡುವ ನಮ್ಮ ಪದ್ಧತಿಯಂತೂ ಇದಕ್ಕೆ ಒಳ್ಳೆಯದಲ್ಲ. ನನ್ನ ಮಾತು ಕೇಳಿ ಅತ್ತೆ ಸಿಟ್ಟಾದರೆ ಆಗಲಿ, ಚೊಂಬು ತುಂಬಿ ಇಡಿ. ಜ್ವರದ ಜೊತೆ ಬೆನ್ನು ಜೋರಾಗಿ ನೋಯತೊಡಗಿದರೂ ತಕ್ಷಣ ಆಸ್ಪತ್ರೆಗೆ ಹೋಗಿ, ಒಳಗೆ ಕೀವಾಗಿರಬಹುದು.

ತಂಗಿ ರಕ್ತ ತೆಳು ಮಾಡುವ ಔಷಧಿ ತಗೊಳ್ಳುತ್ತಿದ್ದರೆ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಕಡಿಮೆ ಇದ್ದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿ. ಸೂಜಿ ಹೋದ ಜಾಗದಲ್ಲಿ ರಕ್ತ ಕಟ್ಟಿ ನರ ಒತ್ತುವುದು ಇಂಥವರಲ್ಲೇ ಜಾಸ್ತಿ. ಇಂಜೆಕ್ಷನ್ ಕೊಟ್ಟು ನಾಲ್ಕು ತಾಸಾದ ಮೇಲೆ, "ಕಾಲು ಎತ್ತವ್ವ ನೋಡೋಣ" ಅನ್ನಿ. ಎತ್ತಲಾಗದಿದ್ದರೆ ಸಿಸ್ಟರನ್ನು ಕರೆಯಿರಿ. ರಾತ್ರಿ ಎರಡಾಗಿದ್ದರೂ ಸರಿ.