ಗಿಳಿಗೆ ನಿಷೇಧ, ಮಕಾವ್‌ಗೆ ನೋಂದಣಿ, ಆಮೆಗೆ?

ಮೈಸೂರಿನ ಯಾವುದೋ ಹಿತ್ತಲಿನ ಸೀಬೆಮರಕ್ಕೆ ಬರುವ ಹಸಿರು ಗಿಳಿಯನ್ನು ಹಿಡಿದು ಪಂಜರದಲ್ಲಿಟ್ಟರೆ ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಅವಕಾಶ ಕೊಡುವುದಿಲ್ಲ. ಪಕ್ಕದ ಮನೆಯವರು ದಕ್ಷಿಣ ಅಮೆರಿಕದ ಮಕಾವ್ ಎಂಬ ದೊಡ್ಡ ಗಿಳಿ ಸಾಕಿದ್ದರೆ? ಕಾಗದಪತ್ರ ಸರಿಯಿದ್ದು, ನೋಂದಣಿ ಆಗಿದ್ದರೆ ತೊಂದರೆಯಿಲ್ಲ. ಇದೆಂಥ ನ್ಯಾಯ ಅನ್ನಿಸುತ್ತದೆ, ಅಲ್ವಾ? ಆ ಕಾಯ್ದೆ ಮೊದಲು ಕಾಯಲು ಹೊರಟದ್ದು ನಮ್ಮ ಕಾಡಿನ ಜೀವಗಳನ್ನು. ಹೊರದೇಶದ ಪ್ರಾಣಿಗಳ ವಿಚಾರ ಅದರೊಳಗೆ ಸರಿಯಾಗಿ ಸೇರಿದ್ದು 2022ರ ತಿದ್ದುಪಡಿಯಲ್ಲಿ. ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಸಾಕುವವರು ಈಗ ಸರ್ಕಾರಕ್ಕೆ ತಿಳಿಸಬೇಕು. ಮರಿ ಹುಟ್ಟಿದರೂ, ಪ್ರಾಣಿ ಸತ್ತರೂ, ಬೇರೆಯವರಿಗೆ ಕೊಟ್ಟರೂ ಹೇಳಬೇಕು. ಇದಕ್ಕೆ ನಿಯಮಗಳು ಬಂದದ್ದು 2024ರಲ್ಲಿ.

ಒಳ್ಳೆಯದೇ. ಆದರೆ ಸೈಟಿಸ್ ಕೇಳುವ ಪ್ರಶ್ನೆ ಒಂದೇ: ವ್ಯಾಪಾರದಿಂದ ಈ ಪ್ರಾಣಿ ತನ್ನ ತವರಿನಲ್ಲಿ ಅಳಿಯುತ್ತದೆಯೇ? ಅದು ಬಂದು ಸೇರಿದ ಊರಿನಲ್ಲಿ ಏನು ಮಾಡುತ್ತದೆ ಅನ್ನುವುದು ಬೇರೆಯೇ ಪ್ರಶ್ನೆ.

ಕೆಂಪು ಕಿವಿಯ ಆಮೆಯನ್ನೇ ನೋಡಿ. ಕಣ್ಣಿನ ಹಿಂದೆ ಕೆಂಪು ಪಟ್ಟೆ ಇರುವ, ಅಂಗೈಯಲ್ಲಿ ಕೂರುವ ಹಸಿರು ಮರಿ. ತವರು ಅಮೆರಿಕದ ಮಿಸಿಸಿಪ್ಪಿ ನದಿಯ ಆಸುಪಾಸು. ಮನೆಗೆ ಅದೃಷ್ಟ ತರುತ್ತದೆ ಅಂತ ಕೊಳ್ಳುವವರೂ ಇದ್ದಾರೆ. ಅದೃಷ್ಟದ ಮಾತು ಹಾಗಿರಲಿ, ಅದು ಬೆಳೆದು ಊಟದ ತಟ್ಟೆಯಷ್ಟಾಗುತ್ತದೆ, 30 ವರ್ಷ ಬದುಕಬಲ್ಲದು. ಮಗು ಶಾಲೆ ಮುಗಿಸಿ ಕೆಲಸಕ್ಕೆ ಸೇರಿದರೂ ಆಮೆ ಮನೆಯಲ್ಲೇ ಇರುತ್ತದೆ. ನೀರು ಬದಲಾಯಿಸಿ ಬದಲಾಯಿಸಿ ಬೇಸತ್ತವರು ಒಂದು ಭಾನುವಾರ ಅದನ್ನು ಹತ್ತಿರದ ಕೆರೆಗೆ ಬಿಟ್ಟು ಬರುತ್ತಾರೆ. ಬಿಡುಗಡೆ ಮಾಡಿದ ಪುಣ್ಯ ಬೇರೆ!

ಕೆರೆಯಲ್ಲಿ ಅದು ಏನು ಬೇಕಾದರೂ ತಿನ್ನುತ್ತದೆ: ಗೊದಮೊಟ್ಟೆ, ಹುಳು, ಮೀನು, ಜೊಂಡು. ಆಮೆಗಳಿಗೆ ಬಿಸಿಲು ಕಾಯಿಸಲು ಕಲ್ಲು, ಮರದ ದಿಮ್ಮಿ ಬೇಕು. ಯುರೋಪಿನ ಪ್ರಯೋಗಗಳಲ್ಲಿ ಈ ಆಮೆ ಅಲ್ಲಿನ ಆಮೆಗಳನ್ನು ಆ ಜಾಗದಿಂದಲೇ ಓಡಿಸಿದ್ದು ಕಂಡುಬಂದಿದೆ. ಸಾಲದ್ದಕ್ಕೆ ಇದರ ಮೈಮೇಲೆ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಮಕ್ಕಳು ಇವನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದರು ಅಂತಲೇ ಅಮೆರಿಕ 1975ರಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಆಮೆಗಳ ಮಾರಾಟ ನಿಲ್ಲಿಸಿತು. ಯುರೋಪ್ 1997ರಲ್ಲಿ ಇದರ ಆಮದನ್ನೇ ನಿಲ್ಲಿಸಿತು.

ಬಿಟ್ಟ ಪ್ರಾಣಿಗಳೆಲ್ಲ ನೆಲೆಯೂರುವುದಿಲ್ಲ. ಬಹಳಷ್ಟು ಸುಮ್ನೆ ಸತ್ತುಹೋಗುತ್ತವೆ. ಎಷ್ಟು ಸಲ, ಎಷ್ಟು ಬಿಟ್ಟರು ಅನ್ನುವುದೇ ಮುಖ್ಯ. ಕಾನೂನಿನ ಕಣ್ಣು ತಪ್ಪುವುದು ಇಲ್ಲೇ ಅಂತ ನನಗನ್ನಿಸುತ್ತದೆ. ಲಕ್ಷಗಟ್ಟಲೆ ಕೊಟ್ಟು ತಂದ ಮಕಾವನ್ನು ಯಾರೂ ಬೇಕೆಂದು ಹಾರಿಬಿಡುವುದಿಲ್ಲ. ಅಗ್ಗದ ಆಮೆಯನ್ನು, ಅಕ್ವೇರಿಯಂ ತೊಳೆಯಲಿ ಅಂತ ತಂದ ಸಕ್ಕರ್ ಮೀನನ್ನು ಬಿಡುತ್ತಾರೆ. ಅಪರೂಪದ್ದಕ್ಕೆ ಕಾವಲು ಜಾಸ್ತಿ. ಕೆರೆ ಕೆಡುವುದು ಅಗ್ಗದ್ದರಿಂದ.

ಹೊರಗಿನದು ಅಂದರೆ ವಿದೇಶದ್ದೇ ಆಗಬೇಕಿಲ್ಲ. ಮಂಡ್ಯದ ಮುತ್ತತ್ತಿ ಬಳಿಯ ಕಾವೇರಿಯಲ್ಲಿ ಹೆಸರಾದ ಡುಬ್ಬದ ಮಹಸೀರ್ ಮೀನು ಈಗ ಅಳಿವಿನ ಅಂಚಿನಲ್ಲಿದೆ. ಮೀನು ಹೆಚ್ಚಲಿ ಅಂತ ಒಳ್ಳೆಯ ಮನಸ್ಸಿನಿಂದ ತಂದು ಬಿಟ್ಟ, ನಮ್ಮದೇ ದೇಶದ ನೀಲಿ ರೆಕ್ಕೆಯ ಮಹಸೀರ್ ಇದಕ್ಕೊಂದು ಕಾರಣ ಎಂದು ಸಂಶೋಧಕರು ಹೇಳುತ್ತಾರೆ.

ಹಾಗಾದರೆ ಎಲ್ಲವನ್ನೂ ನಿಷೇಧಿಸಿಬಿಡೋಣವೇ? ಸಾಕುವವರ ಮಾತಿನಲ್ಲೂ ಹುರುಳಿದೆ. ನಾರ್ವೆ ದಶಕಗಳ ಕಾಲ ಹಾವು, ಹಲ್ಲಿ ಸಾಕುವುದನ್ನು ನಿಷೇಧಿಸಿತ್ತು. ಜನ ಕದ್ದು ಸಾಕಿದರು, ಕಾಯಿಲೆಯಾದರೆ ವೈದ್ಯರ ಹತ್ತಿರ ಒಯ್ಯಲು ಹೆದರಿದರು. ಕೊನೆಗೆ 2017ರಲ್ಲಿ 19 ಜಾತಿಗಳಿಗೆ ಒಪ್ಪಿಗೆ ಕೊಟ್ಟಿತು. ಬ್ರೆಜಿಲ್‌ನ ನೀಲಿ ಸ್ಪಿಕ್ಸ್ ಮಕಾವ್ ಕಾಡಿನಿಂದ ಮಾಯವಾದಾಗ ಉಳಿದದ್ದು ಸಾಕುವವರ ಪಂಜರಗಳಲ್ಲಿ. 2022ರಲ್ಲಿ ಮತ್ತೆ ಕಾಡಿಗೆ ಬಿಟ್ಟದ್ದು ಅವುಗಳ ಸಂತತಿಯನ್ನೇ.

ಆದರೆ ತಡಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಫ್ಲಾರಿಡಾ ಇದೆ. ಅಲ್ಲಿನ ಜೌಗಿನಲ್ಲಿ ಸೇರಿಕೊಂಡ ಬರ್ಮೀಸ್ ಹೆಬ್ಬಾವಿನ ಆಮದನ್ನು ಅಮೆರಿಕ ನಿಷೇಧಿಸಿದ್ದು 2012ರಲ್ಲಿ. ಹಾವು ಬೇರೂರಿದ್ದ ಕಡೆ ರಕೂನ್ ಎಂಬ ಸಣ್ಣ ಪ್ರಾಣಿಗಳು ಕಣ್ಣಿಗೆ ಬೀಳುವುದು ಶೇ. 99ರಷ್ಟು ಕಡಿಮೆಯಾಗಿದೆ ಎಂಬ ಅಧ್ಯಯನ ಹೊರಬಂದದ್ದೂ ಅದೇ ವರ್ಷ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಕಥೆ. ಶ್ರೀರಂಗಪಟ್ಟಣದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬೆಲ್ಜಿಯಂ, ನೆದರ್‌ಲ್ಯಾಂಡ್ಸ್ ಲೆಕ್ಕವನ್ನೇ ತಿರುಗಿಸಿವೆ. ಸಾಕಬಾರದ್ದರ ಬದಲು ಸಾಕಬಹುದಾದ ಸಸ್ತನಿಗಳ ಪಟ್ಟಿ ಮಾಡಿವೆ. ಹೊಸ ಪ್ರಾಣಿ ಮಾರುಕಟ್ಟೆಗೆ ಬಂದಾಗಲೆಲ್ಲ ಕಾನೂನು ಅದರ ಹಿಂದೆ ಓಡಬೇಕಾಗಿಲ್ಲ. ನನ್ನ ಮತ ಇದಕ್ಕೇ. ನಮ್ಮ 2022ರ ತಿದ್ದುಪಡಿಯೂ ಹಾವಳಿ ಮಾಡುವ ಹೊರಗಿನ ಜೀವಿಗಳ ಆಮದು, ಮಾರಾಟ, ಸಾಕಣೆಯನ್ನು ನಿಯಂತ್ರಿಸುವ ಅಧಿಕಾರವನ್ನು ಕೇಂದ್ರಕ್ಕೆ ಕೊಟ್ಟಿದೆ. ಅದರ ಜೊತೆಗೆ ಒಂದು ಸಣ್ಣ ಷರತ್ತು ಸೇರಿಸಬಹುದು: ಮಾರಿದ ಆಮೆ ಬೇಡವಾದಾಗ ಅಂಗಡಿಯವರೇ ವಾಪಸ್ ತೆಗೆದುಕೊಳ್ಳಬೇಕು, 30 ವರ್ಷದ ತನಕ. ಆಮೇಲೆ ಎಷ್ಟು ಅಂಗಡಿಗಳು ಆಮೆ ಮಾರುತ್ತವೆ, ನೋಡೋಣ.