ಉದ್ಯಾನದ ಸೇತುವೆಗೆ ಯಾರ ಹೆಸರು, ಎಷ್ಟು ವರ್ಷ?

'ಶ್ರೀ ಚಾಮರಾಜೇಂದ್ರ ಉದ್ಯಾನಕ್ಕೆ ಬಿಡಿ' ಎಂದರೆ ಬೆಂಗಳೂರಿನ ಆಟೋದವರು 'ಅದೆಲ್ಲಿ ಬರತ್ತೆ?' ಎಂದು ತಿರುಗಿ ಕೇಳುತ್ತಾರೆ. ಕಬ್ಬನ್ ಪಾರ್ಕ್ ಎಂದರೆ ಮೀಟರ್ ಹಾಕುತ್ತಾರೆ. ಹಾಕದಿದ್ದರೆ ಅದು ಬೇರೆ ಕಥೆ. 1870ರಲ್ಲಿ ರಿಚರ್ಡ್ ಸ್ಯಾಂಕಿ ರೂಪಿಸಿದಾಗ ಅದು ಮೀಡ್ಸ್ ಪಾರ್ಕ್. ಆಮೇಲೆ ಕಬ್ಬನ್ ಪಾರ್ಕ್ ಆಯಿತು. 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬದ ಹೊತ್ತಿಗೆ, ಚಾಮರಾಜೇಂದ್ರ ಉದ್ಯಾನವಾಯಿತು. ಲಾಲ್‌ಬಾಗಿನ ಗಾಜಿನ ಮನೆಗೂ 1889ರಲ್ಲಿ ಅಡಿಗಲ್ಲು ಇಟ್ಟ ರಾಜಕುಮಾರ ಆಲ್ಬರ್ಟ್ ವಿಕ್ಟರ್‌ನ ಹೆಸರಿತ್ತು. ಫಲಪುಷ್ಪ ಪ್ರದರ್ಶನದ ಸಾಲಿನಲ್ಲಿ ನಿಂತವರಲ್ಲಿ ಎಷ್ಟು ಜನಕ್ಕೆ ಅದು ಗೊತ್ತು?

ಕಾಗದದ ಹೆಸರಿಗೂ ಬಾಯಲ್ಲಿರುವ ಹೆಸರಿಗೂ ಇಷ್ಟು ದೂರವಿದ್ದರೂ, ಉದ್ಯಾನಗಳಲ್ಲಿರುವ ಹಳೆಯ ಕಟ್ಟಡಗಳ ಸುತ್ತ ಹೆಸರಿನ ಜಗಳ ಮುಗಿಯುವುದಿಲ್ಲ. ಕಾಲುವೆಯ ಮೇಲಿನ ಚಪ್ಪಡಿ ಸೇತುವೆ, ವಾದ್ಯಮಂಟಪ, ಕಲ್ಯಾಣಿಯ ಮೆಟ್ಟಿಲುಗಳ ದುರಸ್ತಿಗೆ ಪ್ರಾಯೋಜಕರನ್ನು ಕರೆಯಬೇಕೆ, ಕರೆದರೆ ಅವರ ಹೆಸರು ಹಾಕಬೇಕೆ ಎಂಬುದು ಮೇಲ್ನೋಟಕ್ಕೆ ಒಂದೇ ಪ್ರಶ್ನೆ. ಬಿಡಿಸಿದರೆ ನಾಲ್ಕಾಗುತ್ತದೆ: ಹಣ ಯಾರದು, ಕೆಲಸ ಯಾರು ಮಾಡುತ್ತಾರೆ, ಫಲಕದಲ್ಲಿ ಏನಿರುತ್ತದೆ, ಆರನೇ ವರ್ಷ ಅದನ್ನು ಯಾರು ನೋಡಿಕೊಳ್ಳುತ್ತಾರೆ. ಸಭೆಗಳಲ್ಲಿ ಮೂರನೆಯದರ ಬಗ್ಗೆ ಗದ್ದಲವಾಗುತ್ತದೆ, ನಾಲ್ಕನೆಯದನ್ನು ಯಾರೂ ಎತ್ತುವುದಿಲ್ಲ.

ಕೊಟ್ಟವರ ಹೆಸರನ್ನು ಕಲ್ಲಿಗೆ ಹಾಕುವುದು ನಮ್ಮ ನಾಡಿಗೆ ಹೊಸದಲ್ಲ. ಕೆರೆ, ತೂಬುಗಳ ದಾನಶಾಸನಗಳನ್ನು ಓದಿದವರಿಗೆ ಕಟ್ಟುಗೊಡಗೆ, ಬಿತ್ತುವಟ್ಟ, ದಶವಂದ ಎಂಬ ಮಾತುಗಳು ಪರಿಚಿತ; ಕೆರೆ ಕಟ್ಟಿಸಿದವರಿಗೆ, ಅದರ ಪಾಲನೆಗೆ ಬಿಟ್ಟ ದತ್ತಿಗಳ ಹೆಸರುಗಳಿವು. ಕೆರೆ ಕಟ್ಟಿಸಿದವರ ಹೆಸರಿನ ಜೊತೆಗೇ ಅದರ ಪಾಲನೆಗೆಂದು ಬಿಟ್ಟ ಗದ್ದೆ, ಅದರ ಎಲ್ಲೆ, ಅದರಿಂದ ಬರುವ ಆದಾಯದ ಪಾಲು ಎಲ್ಲವೂ ಅಲ್ಲಿ ನಮೂದಾಗುತ್ತಿತ್ತು. ಹೂಳು ಹೊರುವ ಬಂಡಿಗೂ ದತ್ತಿ ಬಿಟ್ಟದ್ದುಂಟು. ಹೆಸರೂ ಪಾಲನೆಯ ದುಡ್ಡೂ ಒಂದೇ ಕಲ್ಲಿನಲ್ಲಿದ್ದವು. 1897ರ ಗುಬ್ಬಿ ತೋಟದಪ್ಪ ಛತ್ರದ ಹೆಸರು ಇಂದಿಗೂ ಜನರ ಬಾಯಲ್ಲಿ ಉಳಿದಿದ್ದರೆ, ಫಲಕ ದೊಡ್ಡದಾಗಿತ್ತು ಎಂಬ ಕಾರಣಕ್ಕಲ್ಲ. ಅದರ ಹಿಂದೆ ನಡೆಸಿಕೊಂಡು ಹೋಗುವ ದತ್ತಿಯಿತ್ತು.

ಮುಂದಿನ ದಶಕಗಳನ್ನು ಬೇಗ ದಾಟಬಹುದು. ಬಡಾವಣೆಯ ಪಾರ್ಕುಗಳಿಗೆ 'ಇಂಥವರ ಸ್ಮರಣಾರ್ಥ' ಎಂದು ಬರೆದ ಸಿಮೆಂಟ್ ಬೆಂಚುಗಳು ಬಂದವು. ವೃತ್ತಗಳಿಗೂ ರಸ್ತೆ ವಿಭಜಕಗಳಿಗೂ ಕಂಪನಿಗಳ ಫಲಕ ಬಂತು. 1975ರ ಸರ್ಕಾರಿ ಉದ್ಯಾನ ಸಂರಕ್ಷಣಾ ಕಾಯ್ದೆ ಕಬ್ಬನ್ ಪಾರ್ಕ್, ಲಾಲ್‌ಬಾಗಿನಂಥ ಜಾಗಗಳನ್ನು ಮಾರುವುದನ್ನೂ ಗುತ್ತಿಗೆಗೆ ಕೊಡುವುದನ್ನೂ ತಡೆಯಿತು. 2002ರಲ್ಲಿ ಹುಟ್ಟಿದ ಕೆರೆ ಅಭಿವೃದ್ಧಿ ಪ್ರಾಧಿಕಾರ ಹೆಬ್ಬಾಳ, ನಾಗವಾರದಂಥ ಕೆರೆಗಳನ್ನು ಖಾಸಗಿಯವರಿಗೆ ಗುತ್ತಿಗೆ ಕೊಟ್ಟಿತು. ವಿವಾದ ಹೈಕೋರ್ಟ್ ಮೆಟ್ಟಿಲೇರಿ, ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿಯ ವರದಿಯ ಬೆನ್ನಿಗೆ 2012ರಲ್ಲಿ ತೀರ್ಪು ಬಂತು. ಅಲ್ಲಿಂದೀಚೆಗೆ ಈ ಊರಲ್ಲಿ 'ಖಾಸಗಿ ಸಹಭಾಗಿತ್ವ' ಎಂದ ಕೂಡಲೇ ವಾಕಿಂಗ್ ಬರುವವರ ಸಂಘಗಳು ಕಿವಿ ನಿಮಿರಿಸುತ್ತವೆ. 2018ರಲ್ಲಿ ದೆಹಲಿಯ ಕೆಂಪುಕೋಟೆಯನ್ನು ಐದು ವರ್ಷಕ್ಕೆ ₹25 ಕೋಟಿಗೆ ದತ್ತು ಕೊಟ್ಟ ಸುದ್ದಿ ಆ ಅನುಮಾನಕ್ಕೆ ಇನ್ನಷ್ಟು ಗಾಳಿ ಹಾಕಿತು.

ನಿಜವಾದ ಸಿಕ್ಕು ಶುರುವಾದದ್ದು 2014ರ ಏಪ್ರಿಲ್ 1ರಿಂದ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಜಾರಿಗೆ ಬಂದು, ನಿಗದಿತ ಗಾತ್ರ ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕಾಯಿತು. ಅಂಥ ಕೆಲಸಗಳ ಪಟ್ಟಿಯಲ್ಲಿ ಐತಿಹಾಸಿಕ ಕಟ್ಟಡಗಳ ಜೀರ್ಣೋದ್ಧಾರವೂ ಇದೆ. ಐಟಿ ಕಂಪನಿಗಳ ಊರಿಗೆ ಇದಕ್ಕಿಂತ ಇನ್ನೇನು ಬೇಕು ಎನ್ನಿಸುವುದು ಸಹಜ. ಆದರೆ ಈ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದ ಜಾಯಮಾನವೇ ಬೇರೆ. 2021ರ ಜನವರಿಯ ತಿದ್ದುಪಡಿಯ ಪ್ರಕಾರ, ತನ್ನ ಸರಕು-ಸೇವೆಗೆ ಮಾರುಕಟ್ಟೆ ಲಾಭ ಸಿಗಲೆಂದು ಕಂಪನಿ ಮಾಡುವ ಪ್ರಾಯೋಜಕತ್ವ ಸಿಎಸ್‌ಆರ್ ಲೆಕ್ಕಕ್ಕೆ ಬರುವುದಿಲ್ಲ. ಬಹುವರ್ಷದ ಯೋಜನೆಯಾದರೂ, ಆರಂಭದ ಆರ್ಥಿಕ ವರ್ಷ ಬಿಟ್ಟು ಮೂರು ವರ್ಷದೊಳಗೆ ಮುಗಿಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವುದೇ ಸಂಸ್ಥೆಯ ಮೂಲಧನಕ್ಕೆ ಕೊಟ್ಟ ಹಣ ಈಗ ಸಿಎಸ್‌ಆರ್ ಖರ್ಚಲ್ಲ. ಅಂದರೆ, ಅಸಲು ಮುಟ್ಟದೆ ಬಡ್ಡಿಯಲ್ಲಿ ಪಾಲನೆ ನಡೆಸುವ ವ್ಯವಸ್ಥೆ, ಶಾಸನದ ಕಾಲದ ಆ ಬಿತ್ತುವಟ್ಟ, ಈ ಹಣದಿಂದ ಸಾಧ್ಯವೇ ಇಲ್ಲ. ಸೇತುವೆಯನ್ನು ಹೊಸದಾಗಿ ಹೊಳೆಯಿಸಬಹುದು, ಹತ್ತನೇ ವರ್ಷ ಅದರಲ್ಲಿ ಬೆಳೆದ ಅರಳಿ ಗಿಡ ಕೀಳಲು ದುಡ್ಡಿಡಲಾಗದು.

ಹಾಗಾದರೆ ಜಾಹೀರಾತು ಖಾತೆಯಿಂದ ಕೊಡಲಿ ಎಂದರೆ ಅಲ್ಲಿ ಜಿಎಸ್‌ಟಿ ಎದುರಾಗುತ್ತದೆ. ಧರ್ಮಾರ್ಥ ಸಂಸ್ಥೆಗಳಿಗೆ ಬರುವ ದೇಣಿಗೆಯ ಬಗ್ಗೆ 2019ರ ಅಕ್ಟೋಬರ್‌ನ ಸುತ್ತೋಲೆ ಹೇಳುವುದಿಷ್ಟು: ದಾನಿಯ ಹೆಸರನ್ನು ಕೃತಜ್ಞತೆಗಾಗಿ ಹಾಕಿದ್ದರೆ, ಅದರಲ್ಲಿ ವ್ಯಾಪಾರದ ಪ್ರಚಾರ ಇಲ್ಲದಿದ್ದರೆ, ತೆರಿಗೆಯಿಲ್ಲ. ತಂದೆಯ ನೆನಪಿಗೆ ಕೊಟ್ಟದ್ದೆಂದು ದೇವಸ್ಥಾನದ ಕೋಣೆಯ ಬಾಗಿಲಿಗೆ ಬರೆಸುವುದೇ ಅದು ಕೊಡುವ ಉದಾಹರಣೆ. ಲೋಗೊ, ಘೋಷವಾಕ್ಯ, ಉತ್ಪನ್ನದ ಹೆಸರು ಸೇರಿದರೆ ಅದು ಸೇವೆಯಾಗುತ್ತದೆ, ಶೇ 18 ಬೀಳುತ್ತದೆ. ಒಂದೇ ಫಲಕ, ಎರಡು ಸಾಲಿನ ವ್ಯತ್ಯಾಸದಲ್ಲಿ ದಾನವೂ ಆಗಬಹುದು, ಜಾಹೀರಾತೂ ಆಗಬಹುದು.

ಹಣದ ಕ್ಯಾಲೆಂಡರ್ ಕೂಡ ಕಲ್ಲಿನ ಕೆಲಸಕ್ಕೆ ಹೊಂದುವುದಿಲ್ಲ. ಹಳೆಯ ಸೇತುವೆಗಳ ಕಲ್ಲು-ಇಟ್ಟಿಗೆಯ ಸಂದುಗಳಲ್ಲಿರುವುದು ಸುಣ್ಣದ ಗಾರೆ. ಅದಕ್ಕೆ ಅದನ್ನೇ ತುಂಬಬೇಕು. ಸುಟ್ಟ ಸುಣ್ಣವನ್ನು ಅರಳಿಸಿ ಕನಿಷ್ಠ ಎರಡು ವಾರ ನೀರಲ್ಲಿ ನೆನೆಹಾಕಿ, ಜರಡಿ ಹಿಡಿದು, ಒಂದು ಪಾಲಿಗೆ ಎರಡರಿಂದ ಮೂರು ಪಾಲು ಮರಳು ಮತ್ತು ಇಟ್ಟಿಗೆ ಪುಡಿಯ ಸುರ್ಕಿ ಸೇರಿಸಿ ಅರೆಯಬೇಕು. ಸಂದು ಎಷ್ಟು ಅಗಲವೋ ಅದರ ಎರಡರಷ್ಟು ಆಳಕ್ಕೆ ಸಡಿಲ ಗಾರೆಯನ್ನು ಉಳಿಯಿಂದ ಕೈಯಲ್ಲೇ ಕೆತ್ತಿ ತೆಗೆಯಬೇಕು. ಗ್ರೈಂಡರ್ ಹಾಕಿದರೆ ಕಲ್ಲಿನ ಅಂಚು ಹೋಗುತ್ತದೆ. ಸಂದನ್ನು ನೆನೆಸಿ, ಪದರ ಪದರವಾಗಿ ತುಂಬಿ, ಎರಡು-ಮೂರು ವಾರ ಒದ್ದೆ ಗೋಣಿತಾಟು ಹೊದಿಸಿಡಬೇಕು. ಬಿರುಬಿಸಿಲಿಗೂ ಜಡಿಮಳೆಗೂ ಸಿಕ್ಕಬಾರದು. ಬೆಂಗಳೂರಿನಲ್ಲಿ ಈ ಕೆಲಸಕ್ಕೆ ಸರಿಯಾದ ಕಾಲ ನವೆಂಬರ್‌ನಿಂದ ಫೆಬ್ರುವರಿ.

ಕಂಪನಿಗಳ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಒಪ್ಪಿಗೆ ಜನವರಿಯಲ್ಲಿ ಬಂದರೆ, ಬಿಲ್ಲು ಮಾರ್ಚ್‌ನಲ್ಲಿ ಆಗಬೇಕೆಂದರೆ, ಸುಣ್ಣ ನೆನೆಯುವವರೆಗೆ ಕಾಯುವವರು ಯಾರು? ಸಿಮೆಂಟ್ ಬಂದುಬಿಡುತ್ತದೆ. ನೋಡಲು ಅಚ್ಚುಕಟ್ಟು, ಉದ್ಘಾಟನೆಯ ಫೋಟೊಗೂ ಚೆನ್ನ. ಆದರೆ ಸಿಮೆಂಟ್ ಗಡಸು, ತೇವವನ್ನು ಹೊರಗೆ ಬಿಡುವುದಿಲ್ಲ. ಮೇಲಿಂದ ಇಳಿದ ಮಳೆನೀರು ಅದರ ಹಿಂದೆ ನಿಂತು, ಒಳಗಿನ ಹಳೆಯ ಸುಣ್ಣವನ್ನು ನಿಧಾನವಾಗಿ ತೊಳೆಯುತ್ತದೆ. ನಾಲ್ಕೈದು ಮಳೆಗಾಲ ಕಳೆದು ಸಿಮೆಂಟಿನ ಪಟ್ಟಿ ಹಪ್ಪಳದಂತೆ ಏಳುವ ಹೊತ್ತಿಗೆ ಒಪ್ಪಂದದ ಅವಧಿ ಮುಗಿದಿರುತ್ತದೆ.

ಇನ್ನು ಹೆಸರಿನ ಫಲಕ. ಅದು ಕಲ್ಲಿಗೆ ಮಾಡುವ ಗಾಯದ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮಾಮೂಲಿ ಕಬ್ಬಿಣದ ಬೋಲ್ಟು ತುಕ್ಕು ಹಿಡಿದಾಗ ಹಲವು ಪಟ್ಟು ಉಬ್ಬುತ್ತದೆ. ಅಂಚಿನ ಹತ್ತಿರ ಕೊರೆದಿದ್ದರೆ ಗ್ರಾನೈಟ್ ಕೂಡ ಸೀಳುತ್ತದೆ. ಕೂರಿಸಲೇಬೇಕೆಂದರೆ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ತಿರುಪು ಬಳಸಬೇಕು, ಅದೂ ಕಲ್ಲಿಗಲ್ಲ, ಗಾರೆಯ ಸಂದಿಗೆ. ಎಲ್ಲಕ್ಕಿಂತ ಒಳ್ಳೆಯದು ಸೇತುವೆಯಿಂದ ನಾಲ್ಕು ಹೆಜ್ಜೆ ಆಚೆ ಪ್ರತ್ಯೇಕವಾಗಿ ನಿಲ್ಲಿಸಿದ ಕಿರುಗಂಬ. ಉದ್ಘಾಟಕರಿಂದ ಉಪಸ್ಥಿತರವರೆಗೆ ಹದಿನೆಂಟು ಹೆಸರು ಕೆತ್ತಿದ ಕರಿಕಲ್ಲಿನ ಚಪ್ಪಡಿಯನ್ನು ಎಲ್ಲಿಡಬೇಕು ಎಂಬುದಕ್ಕೆ ಮಾತ್ರ ಯಾವ ಸಂರಕ್ಷಣಾ ಶಾಸ್ತ್ರದಲ್ಲೂ ಉತ್ತರವಿಲ್ಲ.

ಈ ಚರ್ಚೆಯಲ್ಲಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನ ಉದಾಹರಣೆ ಬಂದೇ ಬರುತ್ತದೆ. ಅಲ್ಲಿ ಬೆಂಚು ದತ್ತು ಪಡೆಯುವ ಪದ್ಧತಿ 1986ರಿಂದ ಇದೆ. ಹತ್ತು ಸಾವಿರ ಡಾಲರ್ ಕೊಟ್ಟರೆ ಬೆಂಚಿನ ಮೇಲೊಂದು ಪುಟ್ಟ ಲೋಹದ ಪಟ್ಟಿ. ಹಣ ಪಾಲನೆಯ ನಿಧಿಗೆ ಹೋಗುತ್ತದೆ. ಆದರೆ 1862ರ ಎರಕದ ಕಬ್ಬಿಣದ ಬೋ ಸೇತುವೆ 1974ರಲ್ಲಿ ದಾನಿಗಳ ನೆರವಿನಿಂದ ದುರಸ್ತಿಯಾದರೂ ಇವತ್ತಿಗೂ ಬೋ ಸೇತುವೆಯೇ. ಹೆಸರು ಬೆಂಚಿಗೆ ಸಿಕ್ಕಿತು, ಸೇತುವೆಗೆ ಸಿಕ್ಕಲಿಲ್ಲ. ನಮ್ಮಲ್ಲಿ ಉದಾಹರಣೆ ಕೊಡುವವರು ಇದರ ಮೊದಲರ್ಧವನ್ನಷ್ಟೇ ಹೇಳುತ್ತಾರೆ.

ನಮ್ಮ ಮೆಟ್ರೊ ಬೇರೆ ದಾರಿ ಹಿಡಿಯಿತು. 2025ರ ಆಗಸ್ಟ್‌ನಲ್ಲಿ ತೆರೆದ ಹಳದಿ ಮಾರ್ಗದಲ್ಲಿ ಕೋನಪ್ಪನ ಅಗ್ರಹಾರ, ಹೆಬ್ಬಗೋಡಿ ನಿಲ್ದಾಣಗಳ ಹೆಸರಿಗೆ ಮುಂಚೆ ಪ್ರಾಯೋಜಕರ ಹೆಸರಿದೆ. ಮೊದಲನೆಯದಕ್ಕೆ 2018ರಲ್ಲಿ ₹200 ಕೋಟಿಯ ಒಪ್ಪಂದವಾಗಿತ್ತು. ಊರಿನ ಹೆಸರು ಉಳಿಯಿತಲ್ಲ ಎಂಬ ಸಮಾಧಾನ ಒಂದು ಕಡೆ. ಆದರೆ ಹೊಸದಾಗಿ ಕಟ್ಟಿದ ನಿಲ್ದಾಣಕ್ಕೆ ಹೆಸರು ಸೇರಿಸುವುದೂ, ನೂರು ವರ್ಷ ಜನ ಕರೆದುಕೊಂಡು ಬಂದ ಜಾಗಕ್ಕೆ ಸೇರಿಸುವುದೂ ಒಂದೇ ತಕ್ಕಡಿಯಲ್ಲಿ ತೂಗುವಂಥದ್ದಲ್ಲ.

ಒಂದು ಚಿಕ್ಕ ಲೆಕ್ಕ ನೋಡಿ. ಕಿರುಸೇತುವೆಯೊಂದರ ಪಾಲನೆಗೆ ವರ್ಷಕ್ಕೆ ₹60 ಸಾವಿರ ಬೇಕು ಎಂದುಕೊಳ್ಳೋಣ: ಮುಂಗಾರಿಗೆ ಮೊದಲು ಎಲೆಕಸ ತೆಗೆದು ನೀರಿಳಿಯುವ ರಂಧ್ರ ಬಿಡಿಸುವುದು, ಸಂದಿನಲ್ಲಿ ಮೊಳೆತ ಸಸಿಗಳನ್ನು ಎಳೆಯದರಲ್ಲೇ ಕೀಳುವುದು, ಮಳೆ ಮುಗಿದ ಮೇಲೆ ತಟ್ಟಿ ನೋಡಿ ಟೊಳ್ಳು ಸದ್ದು ಬಂದ ಕಡೆ ಗಾರೆ ತುಂಬುವುದು. ಶೇ 6 ಬಡ್ಡಿಗೆ ₹10 ಲಕ್ಷ ಠೇವಣಿ ಇಟ್ಟರೆ ಅಷ್ಟು ಬರುತ್ತದೆ. ಬೆಲೆಯೇರಿಕೆ ತಡೆಯಲು ಅರ್ಧ ಬಡ್ಡಿಯನ್ನು ಅಸಲಿಗೇ ಸೇರಿಸುವುದಾದರೆ ₹20 ಲಕ್ಷ. ಉದ್ಘಾಟನೆಗೆ ಶಾಮಿಯಾನ ಹಾಕಿಸಬಲ್ಲವರಿಗೆ ಇದು ಕೈಗೆಟುಕದ ಮೊತ್ತವಲ್ಲ. ಆದರೆ ಅದನ್ನು ಸಿಎಸ್‌ಆರ್ ಲೆಕ್ಕದಲ್ಲಿ ಕೊಡುವಂತಿಲ್ಲ. ಕೊಟ್ಟರೂ ಯಾರ ಖಾತೆಗೆ? ಕಬ್ಬನ್ ಪಾರ್ಕ್, ಲಾಲ್‌ಬಾಗ್ ತೋಟಗಾರಿಕೆ ಇಲಾಖೆಯವು. ಬಡಾವಣೆ ಪಾರ್ಕುಗಳು ಬಿಬಿಎಂಪಿಯವಾಗಿದ್ದವು. 2025ರ ಸೆಪ್ಟೆಂಬರ್‌ನಿಂದ ಅದರ ಜಾಗದಲ್ಲಿ ಐದು ಪಾಲಿಕೆಗಳಿವೆ. ಪ್ರಾಯೋಜಕರ ಜೊತೆಗಿನ ಹಳೆಯ ಒಡಂಬಡಿಕೆಯ ಕಡತ ಈಗ ಯಾವ ಬೀರುವಿನಲ್ಲಿದೆ ಎಂದು ಹುಡುಕುವುದರಿಂದಲೇ ಕೆಲಸ ಶುರುವಾಗಬೇಕು.

ಹೊಸದಾಗಿ ಬರೆಯುವ ಒಡಂಬಡಿಕೆಗಳಲ್ಲಾದರೂ ಫಲಕದ ಅಳತೆ, ಅವಧಿ ಮತ್ತು ತೆಗೆಯುವ ವಿಧಾನ ಮೂರನ್ನೂ ಬರೆದಿಡುವುದು ಒಳ್ಳೆಯದು. ಪಾಲನೆಯ ಕಂತು ಎರಡು ವರ್ಷ ತಪ್ಪಿದರೆ ತಿರುಪು ಬಿಚ್ಚಿ ಫಲಕವನ್ನು ಕೊಟ್ಟವರಿಗೇ ಮರಳಿಸುವುದು, ಸಂದಿನಲ್ಲಿ ಉಳಿದ ಎರಡು ತೂತಿಗೆ ಸುಣ್ಣ-ಸುರ್ಕಿಯ ಗಾರೆ ತುಂಬಿ, ಮೂರು ವಾರ ಒದ್ದೆ ಗೋಣಿ ಹೊದಿಸುವುದು.